ಕೈಗಳಿಗೆ ಬಾಯಿಲ್ಲವೆ?

ಫಿಲಂ ಸೊಸೈಟಿಯಲ್ಲಿ 'ಮೆಟ್ರೊಪೊಲಿಸ್' ನೋಡಿ ಬಂದ ನಮ್ಮ ವಿಚಾರವಂತ ಗೆಳೆಯರದು ಒಂದೇ ಮಾತು: 'ಕತೆ ಬಿಡ್ರಪ್ಪಾ, ಆ ನಿರ್ದೇಶಕನ ಕಣ್ಣು ನೋಡಿ.' ನಾವು ಆ ಕಣ್ಣನ್ನೇ ನೋಡಿದ್ದೇವೆ. ನಮ್ಮ ಜಗಳ ಇರುವುದೂ ಅದರ ಜೊತೆಗೇ.

ಫ್ರಿಟ್ಜ್ ಲ್ಯಾಂಗ್ 1927ರಲ್ಲಿ ಜರ್ಮನಿಯಲ್ಲಿ ತೆರೆಗೆ ತಂದ ಈ ಮೂಕಿ ಚಿತ್ರ ಮುಂದೆಂದೋ ಬರಲಿರುವ ಮಹಾನಗರವೊಂದರ ಕತೆ. ಮೇಲೆ ಧಣಿಗಳ ಮುಗಿಲೆತ್ತರದ ಮಹಲು, ತೋಟ, ಮೋಜು. ನೆಲದಡಿ ಯಂತ್ರ, ಅದಕ್ಕೂ ಕೆಳಗೆ ಕೂಲಿಕಾರರ ಊರು. ಧಣಿಯ ಮಗ ಫ್ರೆಡರ್ ಕೆಳಗಿಳಿದು ಬಂದು ಮರುಗುತ್ತಾನೆ. ಕೊನೆಗೆ ಚರ್ಚಿನ ಬಾಗಿಲಲ್ಲಿ ಅಪ್ಪನ ಕೈಯನ್ನೂ ಮೇಸ್ತ್ರಿಯ ಕೈಯನ್ನೂ ಹಿಡಿದು ಕೂಡಿಸುತ್ತಾನೆ. ಧಣಿ ತಲೆಯಂತೆ, ಕೂಲಿಕಾರ ಕೈಯಂತೆ, ನಡುವೆ ಒಂದು ಹೃದಯ ಬೇಕಂತೆ! ಮನುಷ್ಯರನ್ನು ಒಂದು ದೇಹದ ಅಂಗಗಳನ್ನಾಗಿ ಹಂಚಿ, ನೀನು ತಲೆ, ನೀನು ಕಾಲು ಎನ್ನುವ ಪುರಾಣ ನಮಗೆ ಹೊಸದೆ? ಪುರುಷಸೂಕ್ತದ ಹೆಸರಲ್ಲಿ ಅದನ್ನು ನಮ್ಮ ಬೆನ್ನ ಮೇಲೆ ಬರೆದದ್ದು ಇನ್ನೂ ಮಾಸಿಲ್ಲ.

'ಅದು ಕತೆ ಬರೆದ ಹೆಂಡತಿ ಥೆಯಾ ಫಾನ್ ಹಾರ್ಬೌಳ ತಪ್ಪು' ಅಂತಾರೆ. ಆಕೆ ಮುಂದೆ ನಾಜಿ ಪಕ್ಷ ಸೇರಿದಳು. ಲ್ಯಾಂಗ್ 1933ರಲ್ಲಿ ದೇಶ ಬಿಟ್ಟ. ಚಿತ್ರದ ಈ ನೀತಿ ತನಗೇ ಒಪ್ಪಿಗೆಯಿಲ್ಲ ಎಂದೂ ಆಮೇಲೆ ಹೇಳಿದ. ನಿಜವೇ. ಆದರೆ ಕ್ಯಾಮರಾ ಇಟ್ಟವರು ಯಾರು?

ಪಾಳಿ ಬದಲಾಗುವ ದೃಶ್ಯ ನೋಡಿ. ತಲೆ ತಗ್ಗಿಸಿದ ಎರಡು ಸಾಲು. ದುಡಿದು ಹೊರಟ ಸಾಲು ಒಳಗೆ ಹೋಗುವ ಸಾಲಿಗಿಂತ ನಿಧಾನ. ಗಿರಣಿಯ ಪಾಳಿ ಕಂಡವರ ಎದೆ ಝಲ್ಲೆನ್ನುತ್ತದೆ. ಇಷ್ಟನ್ನು ಒಪ್ಪದಿದ್ದರೆ ನಾವು ಸುಳ್ಳರಾಗುತ್ತೇವೆ. ಆದರೆ ಅಲ್ಲಿಂದ ಮುಂದೆ ಅವರು ಬರೀ ಬೆನ್ನುಗಳು. ಒಮ್ಮೆ ಚೌಕ, ಒಮ್ಮೆ ತ್ರಿಕೋನ. ಕಡೆಯಲ್ಲಿ, ರಾಜಿಗೆಂದು ಚರ್ಚಿಗೆ ಬರುವಾಗಲೂ ತ್ರಿಕೋನವೇ! ಮುಖ ಸಿಕ್ಕವರು ಎಷ್ಟು ಜನ? ಮೇಸ್ತ್ರಿ ಗ್ರೋಟ್, ಅವನು ಧಣಿಗೆ ಸುದ್ದಿ ಮುಟ್ಟಿಸುವವನು. ಇನ್ನೊಬ್ಬ 11811 ನಂಬರಿನ ಜಾರ್ಜಿ. ಕಳೆದುಹೋಗಿದ್ದ ಚಿತ್ರದ ಭಾಗಗಳು 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಾಗ ಈ ಜಾರ್ಜಿಯ ಕತೆ ಇನ್ನಷ್ಟು ತಿಳಿಯಿತು. ಧಣಿಯ ಮಗನ ಬಟ್ಟೆ, ದುಡ್ಡು ಕೈಗೆ ಬಂದದ್ದೇ ತಡ, ಒಪ್ಪಿಸಿದ ಕೆಲಸ ಮರೆತು ಮೋಜಿನ ಮನೆಗೆ ಹೋಗುತ್ತಾನೆ. ಕೂಲಿಯವನ ಕೈಗೆ ನಾಲ್ಕು ಕಾಸು ಸಿಕ್ಕರೆ ಹಾಳಾಗ್ತಾನೆ ಅನ್ನೋ ಮಾತನ್ನ ನಾವು ಯಾವ ಗೌಡರ ಜಗಲಿಯಲ್ಲಿ ಕೇಳಿಲ್ಲ?

ಅವರ ಸಿಟ್ಟು ಕೂಡ ಅವರದಲ್ಲ. ಮರಿಯಾಳ ರೂಪದ ಯಂತ್ರದ ಹೆಣ್ಣು ಬಂದು ಕೆರಳಿಸಬೇಕು, ಆಗ ದಂಗೆ. ದಂಗೆಯೆದ್ದು ಯಂತ್ರ ಒಡೆದರೆ ಅವರ ಊರಿಗೇ ನೀರು ನುಗ್ಗುತ್ತದೆ. ಮಕ್ಕಳನ್ನು ಕೆಳಗೇ ಮರೆತು ತಾಯಂದಿರು ಕುಣಿಯುತ್ತಾರಂತೆ! ಹಸುಗೂಸನ್ನು ಬದುವಿನ ಮೇಲೆ ಮಲಗಿಸಿ ಕಳೆ ಕೀಳುವ ನಮ್ಮವ್ವಂದಿರಿಗೆ ಈ ದೃಶ್ಯ ತೋರಿಸಿ, ಏನನ್ನುತ್ತಾರೆ ಕೇಳಿ.

ಆ ನೀರಿನ ದೃಶ್ಯಕ್ಕೆ ಬರ್ಲಿನ್‌ನ ಬಡ ಕೇರಿಗಳಿಂದ ಸುಮಾರು 500 ಮಕ್ಕಳನ್ನು ತಂದು, ದಿನಗಟ್ಟಲೆ ತಣ್ಣೀರಿನಲ್ಲಿ ನಿಲ್ಲಿಸಿದರು. ಚಿತ್ರೀಕರಣ 17 ತಿಂಗಳು, ಖರ್ಚು 50 ಲಕ್ಷ ಮಾರ್ಕಿನ ಮೇಲೆ. ಆಟಿಕೆಯಷ್ಟು ಕಟ್ಟಡಗಳನ್ನು ಓರೆ ಕನ್ನಡಿಯಲ್ಲಿ ಹಿಡಿದು, ಅಲ್ಲಲ್ಲಿ ರಸ ಕೆರೆದು, ಆ ಸಂದಿಯಲ್ಲಿ ಜೀವಂತ ಮನುಷ್ಯರನ್ನು ತೋರಿಸಿದರು. ಗೆಳೆಯರು ಕೊಂಡಾಡುವ ಚಮತ್ಕಾರ ಇದು. ಕಟ್ಟಡ ದೊಡ್ಡದಾಯ್ತು, ಮನುಷ್ಯ ಇರುವೆಯಾದ. ತಲೆ ನಿರ್ದೇಶಕನದು, ಕೈ ಕೂಲಿ ನಟರದು. ತೆರೆಯ ಮೇಲಿನ ನೀತಿ ಚಿತ್ರೀಕರಣದ ಅಂಗಳದಲ್ಲೂ ನಡೆದಿತ್ತು. ಹೆಂಡತಿಯ ಮೇಲೆ ಹೊರೆ ಹೊರಿಸಿ ಅದನ್ನು ಮುಚ್ಚಲಾಗುವುದಿಲ್ಲ. ಚಿತ್ರ ತೆಗೆಸಿದ ಊಫಾ ಕಂಪನಿ ಸಾಲದಲ್ಲಿ ಮುಳುಗಿ ಅದೇ ವರ್ಷ ಪತ್ರಿಕಾ ಧಣಿ ಹ್ಯೂಗೆನ್‌ಬರ್ಗನ ಕೈಸೇರಿತು. 1933ರಲ್ಲಿ ಆತ ಹಿಟ್ಲರನ ಸಂಪುಟದಲ್ಲಿ ಕೂತಿದ್ದ.

ಆ ಚಿತ್ರದಲ್ಲಿ ಕೆಳಗಿನವರ ಪಾಲಿಗೆ ನೀರು ಬರುವುದು ಮುಳುಗಿಸಲಿಕ್ಕೆ. ಚಿತ್ರ ತೆರೆಕಂಡದ್ದು 1927ರ ಜನವರಿ. ಅದೇ ವರ್ಷ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರೂ ಸಾವಿರಾರು ಅಸ್ಪೃಶ್ಯರೂ ಚವದಾರ ಕೆರೆಗೆ ನಡೆದುಹೋಗಿ, ತಮ್ಮ ಕೈಯಿಂದಲೇ ಬೊಗಸೆ ನೀರೆತ್ತಿ ಕುಡಿದರು. ಮೇಲ್ಜಾತಿಯ ಕೆಲವು ಗೆಳೆಯರೂ ಇದ್ದರು; ಅವರು ಜೊತೆಗಿದ್ದರು, ನಡುವೆ ನಿಲ್ಲಲಿಲ್ಲ. ಕುಡಿದದ್ದಕ್ಕೆ ದೊಣ್ಣೆಯೇಟು ಬಿತ್ತು. ಡಿಸೆಂಬರಿನಲ್ಲಿ ಮತ್ತೆ ಮಹಾಡಕ್ಕೆ ಬಂದರು, 25ನೇ ತಾರೀಖು ಮನುಸ್ಮೃತಿಗೆ ಬೆಂಕಿಯಿಟ್ಟರು.