ಜೋಳದ ಹಿಟ್ಟು, ಗೋಧಿ ಹಿಟ್ಟು

ಗೋಡೆಗೆ ಬಣ್ಣ ಬಳಿಸುವುದರಲ್ಲಿ ಸಾಹಿತ್ಯದವರಿಗೇನು ಕೆಲಸ ಎಂದು ಕೇಳುವವರುಂಟು. ಕೆಲಸವಿದೆ, ಅದು ಮಾತಿನ ಕೆಲಸ.

ಆಳಂದ ತಾಲ್ಲೂಕಿನ ಮಟಕಿಯಲ್ಲಿರುವ ನಮ್ಮ ಮನೆಯ ಪಡಸಾಲೆಗೆ ಈ ವರ್ಷ ಬಣ್ಣ ಬಳಿಸಬೇಕಾಯಿತು. ಅಂಗಡಿಯಿಂದ ತಂದ ಪಟ್ಟಿಯಲ್ಲಿ ‘ಬೇಜ್’ ಜಾತಿಯ ಎರಡು ಚೌಕಗಳು ನಮ್ಮನ್ನು ಕಾಡಿದವು. ಒಂದಕ್ಕೆ ಮರುಭೂಮಿಯ ಹೆಸರು, ಇನ್ನೊಂದಕ್ಕೆ ಕಡಲ ತೀರದ ಹೆಸರು, ಎರಡೂ ಇಂಗ್ಲಿಷಿನವು. ನಾನು, ನನ್ನ ತಮ್ಮ, ಬಣ್ಣ ಬಳಿಯುವಾತ ಮೂವರೂ ತಾಸುಗಟ್ಟಲೆ ವಾದಿಸಿದೆವು. ನನ್ನ ಎಂ.ಎ. ಪದವಿ ಉಪಯೋಗಕ್ಕೆ ಬರಲಿಲ್ಲ. ಅವ್ವ ಪಟ್ಟಿಯನ್ನು ಬಾಗಿಲ ಬೆಳಕಿಗೆ ಹಿಡಿದು, “ಇದು ಜ್ವಾಳದ ಹಿಟ್ಟು, ಅದು ಗೋಧಿ ಹಿಟ್ಟು. ಇಷ್ಟೂ ತಿಳಿಯಂಗಿಲ್ಲೇನೋ?” ಎಂದಳು. ತಿಳಿಯಿತು. ಒಂದರ ಒಡಲಲ್ಲಿ ಬೂದಿಯ ಛಾಯೆ, ಇನ್ನೊಂದರ ಒಡಲಲ್ಲಿ ಕೆಂಪಿನ ಛಾಯೆ.

‘ಬೇಜ್’ ಎಂಬುದಾದರೂ ಏನು? ಬಣ್ಣ ಹಾಕದ ಸಹಜ ಉಣ್ಣೆಗೆ ಫ್ರೆಂಚರು ಹೇಳುತ್ತಿದ್ದ ಮಾತು. ಅವರು ತಮ್ಮ ಕುರಿಯ ಮೈಯನ್ನು ನೋಡಿ ಹೆಸರಿಟ್ಟರು. ನಾವು ನಮ್ಮ ಹೊಲವನ್ನು ನೋಡಿ ಹೆಸರಿಡಲು ನಾಚುತ್ತೇವೆ! ಜೋಳ, ತೊಗರಿ, ಕುಸುಬಿ ಬೆಳೆಯುವ ನಾಡಿಗೆ ಬಣ್ಣದ ಹೆಸರುಗಳ ಬರವೇ?

ಪ್ರತಿ ಬಣ್ಣಕ್ಕೂ ಸಂಖ್ಯೆಯಿರುವಾಗ ಹೆಸರೇಕೆ ಎನ್ನಬಹುದು. ಸಂಖ್ಯೆ ಬೇಕು, ಬಣ್ಣ ಬೆರೆಸುವ ಯಂತ್ರಕ್ಕೆ ಅದೇ ಭಾಷೆ. ಆದರೆ ಒಂದು ಮನೆಯವರು ಕೂಡಿ ಆರಿಸುವುದು ಸಂಖ್ಯೆಯಿಂದಲ್ಲ. ಇನ್ನು ಕೆಲವರು, ಎಲ್ಲ ಊರಿನ ಜೋಳವೂ ಒಂದೇ ಬಣ್ಣವೇ ಎಂದಾರು. ಅಲ್ಲ. ಹಾಗೆ ನೋಡಿದರೆ ಗೋಡೆಯ ಬಣ್ಣವೂ ಒಂದೇ ಅಲ್ಲ. ನಾವು ಎರಡನ್ನೂ ಎರಡೆರಡು ಅಡಿ ಬಳಿಸಿ ನೋಡಿದೆವು. ಮುಂಜಾನೆ ಬೇರೆಯಾಗಿ ಕಂಡವು. ಸಂಜೆ ಹಳದಿ ದೀಪ ಹಚ್ಚಿದಾಗ ಜೋಳವೇ ಗೋಧಿಯಾಗಿತ್ತು! ಬೆರಳಗಲದ ಚೌಕವನ್ನು ಅಂಗಡಿಯ ದೀಪದಲ್ಲಿ ನೋಡಿ ಆರಿಸುವವರು ಮೋಸಹೋಗುವುದು ಹೀಗೆಯೇ. ಆದರೂ ಈ ಮಾರ್ಪಾಟನ್ನು ಹೇಳಿಕೊಳ್ಳಲು ನಮಗೆ ಮಾತಿತ್ತು. ಮರುಭೂಮಿ ಕಡಲಾಯಿತು ಎಂದಿದ್ದರೆ ಯಾರಿಗೆ ಅರ್ಥವಾಗುತ್ತಿತ್ತು?

ವ್ಯಾಪಾರಿಗಳನ್ನು ದೂರುವುದು ಸುಲಭ. ಬಣ್ಣ ಮಾರುವವರು ಪಟ್ಟಿಯಲ್ಲಿ ಕನ್ನಡದ ಹೆಸರನ್ನೂ ಅಚ್ಚುಹಾಕಲಿ; ಅದು ನ್ಯಾಯವೇ. ಆದರೆ ಹೆಚ್ಚಿನ ತಪ್ಪು ನಮ್ಮಂಥ ಕನ್ನಡ ಮೇಷ್ಟರುಗಳದು. ಅಲಂಕಾರಗಳನ್ನು ತರಗತಿಯಲ್ಲಿ ಬಾಯಿಪಾಠ ಮಾಡಿಸಿದೆವು. ಕಣ್ಣೆದುರಿನ ಗೋಡೆಗೆ ಉಪಮೆ ಹುಡುಕುವುದನ್ನು ಕಲಿಸಲಿಲ್ಲ. ಅದನ್ನು ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ಬಿಟ್ಟುಕೊಟ್ಟೆವು.

ಪಡಸಾಲೆಗೆ ಜೋಳದ ಹಿಟ್ಟನ್ನೇ ಬಳಿಸಿದ್ದೇವೆ. ಬಂದವರು ಯಾವ ಬಣ್ಣವೆಂದು ಕೇಳಿದರೆ ಹಾಗೆಂದೇ ಹೇಳುತ್ತೇನೆ. ಯಾರೂ ಮರುಪ್ರಶ್ನೆ ಕೇಳಿಲ್ಲ.