ಮೊದಲ ದಿನವೇ ಮಳೆ

ಸೋದರಿಯರೇ, ಈ ಸಲ ಒಲೆಯ ಮುಂದಿನಿಂದ ಎಬ್ಬಿಸಿ ನಿಮ್ಮನ್ನು ರಸ್ತೆಗೆ ಕರೆದುಕೊಂಡು ಹೋಗುತ್ತೇನೆ. ರೊಟ್ಟಿ-ಹಿಂಡಿಯ ಮಾತೂ ನಡುವೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

2024ರ ಸೆಪ್ಟೆಂಬರಿನಲ್ಲಿ ನನ್ನ ಮಗಳು, ಅವಳ ಕಾಲೇಜಿನ ಏಳು ಗೆಳತಿಯರು, ಇಬ್ಬರು ಉಪನ್ಯಾಸಕಿಯರು ಕೂಡಿ ಅಫಜಲಪುರದಿಂದ ಬೀದರಿಗೆ ಸೈಕಲ್ ಮೇಲೆ ಹೊರಟರು. ಮೊದಲ ದಿನ ಚೌಡಾಪುರದ ಮೇಲಿಂದ ಕಲಬುರ್ಗಿ, ಸುಮಾರು 60 ಕಿ.ಮೀ. ಎರಡನೆಯ ದಿನ ಹುಮನಾಬಾದ, ಮೂರನೆಯ ದಿನ ಬೀದರ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನೋಡಬೇಕಂತೆ. "ಬಸ್ಸಿನಾಗ ಹೋದ್ರ ಕಾಣಂಗಿಲ್ಲೇನು ಅದು?" ಅಂತ ನಮ್ಮ ಅತ್ತೆಯವರು ಕೇಳಿಯೇ ಕೇಳಿದರು.

ಮಗಳ ಸೈಕಲ್ಲು ಸರಕಾರದ್ದು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. 2020ರಲ್ಲಿ ಕೊರೊನಾ ಬಂದಾಗ ನಿಂತಿತು. ಅದಕ್ಕೂ ಮೊದಲಿನ ವರ್ಷ ಇವಳಿಗೆ ಸಿಕ್ಕಿತ್ತು. ಗೇರು ಗೀರು ಏನೂ ಇಲ್ಲದ ಗಟ್ಟಿ ಸೈಕಲ್ಲು.

ಹಿಂದಿನ ರಾತ್ರಿ ಗಂಟು ಕಟ್ಟಿದವಳು ನಾನು. ಸಜ್ಜಿಯ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಬೆಲ್ಲ. ಕಡಕ್ ರೊಟ್ಟಿ ಬೇಗ ಕೆಡುವುದಿಲ್ಲ, ಆದರೆ ತೇವದ ಗಾಳಿ ತಾಗಿದರೆ ಸಾಕು, ಮೆತ್ತಗಾಗಿ ಹಲ್ಲಿಗೆ ಜಗ್ಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಬೇಕು. ಬಟ್ಟೆಗಳನ್ನು ಒಂದೊಂದು ದಿನದ್ದು ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಬಿಗಿದೆ. ತಿಂಗಳ ಸಾಮಾನನ್ನೂ ಹಾಗೆಯೇ ಬೇರೆ ಕಟ್ಟಿದೆ. ದಿನ ಇನ್ನೂ ದೂರ ಇದೆ ಎಂದು ನಂಬಬೇಡಿ, ದಣಿದ ಮೈ ಲೆಕ್ಕ ಕೇಳುವುದಿಲ್ಲ.

ಮಳೆಯಂಗಿಯಲ್ಲಿ ಮಾತ್ರ ತಪ್ಪಿದೆ. ಮೊಣಕಾಲಿನ ಕೆಳಗೆ ಬರುವ ಉದ್ದನೆಯದು ಕೊಟ್ಟೆ. ಅದರ ಅಂಚು ಹೋಗಿ ಚೈನಿಗೆ ಸಿಕ್ಕಿತಂತೆ. ಗಿಡ್ಡ ಅಂಗಿ ಒಳ್ಳೆಯದು, ಓಢಣಿಯನ್ನು ಮನೆಯಲ್ಲೇ ಬಿಡಬೇಕು.

ಬೆಳಿಗ್ಗೆ ಆರಕ್ಕೆ ಹೊರಟಾಗ ಮೋಡ ಇತ್ತು, ಮಳೆ ಇರಲಿಲ್ಲ. ಎಂಟಕ್ಕೆ ಹೊಡೆಯಿತು ನೋಡಿ, ನಮ್ಮ ಅಂಗಳದಲ್ಲೇ ನೀರು ನಿಂತಿತು! ಒಂಬತ್ತೂವರೆಗೆ ಫೋನು.

"ಅವ್ವಾ, ಮಳಿ ಭಾಳ ಬರ್ಲತ್ತದ. ಗಾಲಿ ತಿರುಗವಲ್ಲವು."

ಆದದ್ದು ಇಷ್ಟೇ. ಮಳೆ ಜೋರಾಯಿತೆಂದು ಡಾಂಬರು ಬಿಟ್ಟು ಹೊಲದ ಬದುವಿಗೆ ಇಳಿದು, ಒಂದು ಬೇವಿನ ಗಿಡದ ಕೆಳಗೆ ನಿಂತಿದ್ದಾರೆ. ನಮ್ಮ ಕಡೆಯದು ಎರಿ ಮಣ್ಣು. ಹಸಿಯಾದರೆ ಅಂಟಿನಂತೆ ಹಿಡಿಯುತ್ತದೆ. ಹತ್ತು ಹೆಜ್ಜೆ ದೂಡುವುದರಲ್ಲಿ ಮಡ್‌ಗಾರ್ಡಿನ ಒಳಗೆಲ್ಲ ತುಂಬಿ ಗಾಲಿ ಕಚ್ಚಿಕೊಂಡಿದೆ. ಒಬ್ಬ ಹುಡುಗಿ ಜಾರಿ ಬಿದ್ದು ಮೊಣಕೈ ತರಚಿಕೊಂಡು ಅಳುತ್ತಿದ್ದಳು. ಅವಳ ತಂದೆ ಆಗಲೇ ಜೀಪು ತೆಗೆದುಕೊಂಡು ಹೊರಟಿದ್ದರು. ನಮ್ಮ ಮನೆಯವರೂ ಚಪ್ಪಲಿ ಮೆಟ್ಟಿ ನಿಂತರು. "ತಿರುಗಿ ಬಾ ಅಂತ ಹೇಳು" ಅಂದರು.

ಸೋದರಿಯರೇ, ಆ ಮಾತು ನನ್ನ ನಾಲಗೆಯ ತುದಿಗೂ ಬಂದಿತ್ತು. ಆದರೆ ನಾನು ಮಳೆಗೆ ಮನೆಯಲ್ಲಿ ಕೂತವಳು. ಅಪ್ಪನ ದೊಡ್ಡ ಸೈಕಲ್ಲನ್ನು ನಡುವಿನ ದಂಡಿಗೆಯ ಕೆಳಗೆ ಕಾಲು ತೂರಿಸಿ ಕಲಿತಿದ್ದೆ. ಹೈಸ್ಕೂಲು ಪಕ್ಕದ ಊರಿನಲ್ಲಿ. ಹಳ್ಳ ಬಂದ ದಿನ ಅಣ್ಣ ಸುತ್ತುಹಾಕಿ ಹೋಗುತ್ತಿದ್ದ, ನನ್ನನ್ನು ನಿಲ್ಲಿಸುತ್ತಿದ್ದರು. ಮೆಟ್ರಿಕ್ ಪಾಸಾದ ಮೇಲೆ ಮುಂದೆ ಕಳಿಸದೇ ಇರುವುದಕ್ಕೂ ಅದೇ ಮಾತು: ಹಾದಿ ಸರಿಯಿಲ್ಲ, ಮಳೆಗಾಲ.

"ಸಿಡಿಲು ಅದ ಏನು?" ಅಂತ ಕೇಳಿದೆ. ಗುಡುಗುತ್ತಿದೆ ಅಂದಳು. "ಮದಲು ಗಿಡದ ಕೆಳಗಿಂದ ಹೊರಗ ಬರ್ರಿ, ಬಸ್‌ಸ್ಟ್ಯಾಂಡಿನ ಚಾವಣಿ ಇಲ್ಲಾಂದ್ರ ಯಾರದಾರ ಮನಿ ನೋಡ್ರಿ. ಕಡ್ಡಿಲಿಂದ ಮಣ್ಣು ತೆಗೀರಿ. ರೊಟ್ಟಿ ತಿನ್ನಿ. ಆಮ್ಯಾಗ ನಿಮ್ಮ ಟೀಚರ್ ಕೂಡ ಕೂತು ನೀವೇ ಮಾತಾಡ್ರಿ. ನಾ ಬಾ ಅನ್ನಂಗಿಲ್ಲ, ಹೋಗು ಅನ್ನಂಗಿಲ್ಲ."

ಫೋನು ಇಟ್ಟಮೇಲೆ ಕೈ ನಡುಗುತ್ತಿತ್ತು. ನಮ್ಮ ಮನೆಯವರು ಮಧ್ಯಾಹ್ನದ ತನಕ ನನ್ನೊಂದಿಗೆ ಮಾತಾಡಲಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ನಮ್ಮ ತಾಲೂಕಿನ ಹಳ್ಳಿಗಳೊಳಗೆ ನುಗ್ಗಿದ್ದನ್ನು ಕಂಡ ಮನುಷ್ಯ, ಅವರ ಸಿಟ್ಟನ್ನು ತಪ್ಪು ಅನ್ನಲಾರೆ.

ಬಿದ್ದ ಹುಡುಗಿ ಜೀಪಿನಲ್ಲಿ ಮರಳಿದಳು. ಉಳಿದವರು ಮಳೆ ಸಣ್ಣದಾದ ಮೇಲೆ ಹೊರಟರಂತೆ. ಒದ್ದೆ ರಿಮ್ಮಿಗೆ ಬ್ರೇಕು ಬೇಗ ಹಿಡಿಯುವುದಿಲ್ಲ. ಮೊದಲೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಂಡು ಆಮೇಲೆ ಬಿಗಿ ಹಿಡಿಯಬೇಕು ಎಂದು ಮಗಳು ದಾರಿಯಲ್ಲೇ ಕಲಿತಳು. ಮಳೆ ಶುರುವಾದಾಗ ಡಾಂಬರಿನ ಮೇಲಿನ ಧೂಳು, ವಾಹನಗಳ ಎಣ್ಣೆ ತೇಲಿ ಹೆಚ್ಚು ಜಾರುತ್ತದೆ ಎಂಬುದನ್ನು ಸೈಕಲ್ ಅಂಗಡಿಯವರು ನನಗೆ ಹೇಳಿದ್ದು ಆಮೇಲೆ. ಹೊಲಿಗೆ ಯಂತ್ರದ ಎಣ್ಣೆಯ ಸಣ್ಣ ಬಾಟಲಿ ಮಾತ್ರ ನಾನೇ ಇಟ್ಟಿದ್ದೆ. ತಂಗಿದ ಮೇಲೆ ಚೈನು ಒರೆಸಿ ನಾಲ್ಕು ಹನಿ ಬಿಟ್ಟರೆ ಬೆಳಗಾಗುವುದರಲ್ಲಿ ತುಕ್ಕು ಹಿಡಿಯುವುದಿಲ್ಲ. ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿದರೆ ನೀರು ಹೀರುತ್ತದೆ.

ಸಂಜೆ ಐದೂವರೆಗೆ ಕಲಬುರ್ಗಿ ಮುಟ್ಟಿದೆವೆಂದು ಫೋನು ಬಂತು. ಕಾಲು ನೋವು, ನೆಗಡಿ, ಆದರೂ ನಗುತ್ತಿದ್ದಳು. ನಮ್ಮ ಮನೆಯವರು ಫೋನು ಕಸಿದುಕೊಂಡು "ನಾಳೆ ಎಷ್ಟಕ್ಕ ಬಿಡ್ತೀರಿ?" ಎಂದರು. ಅತ್ತೆಯವರು ಜಪದ ಮಣಿ ನಿಲ್ಲಿಸಿ ಒಳಗಿನಿಂದಲೇ ಕೂಗಿದರು:

"ರೊಟ್ಟಿ ಮೆತ್ತಗ ಆಗ್ಯಾವೇನು, ಕೇಳು."