ಮನೆಗೆ ಮೂವತ್ತು ತುಂಬಿದಾಗ

ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಹಳೆಯ ಮನೆ ಕೊಳ್ಳುವ ನಮ್ಮವರು 30 ವರ್ಷಗಳ ಋಣಭಾರ ಪತ್ರವನ್ನು ತಪ್ಪದೆ ತರುತ್ತಾರೆ. ಎಂಜಿನಿಯರರನ್ನು ಮಾತ್ರ ಕರೆಯುವುದಿಲ್ಲ. ಸೂಕ್ತ ವಶದಿಂದ ಬಂದ 30 ವರ್ಷದ ದಸ್ತಾವೇಜನ್ನು ನ್ಯಾಯಾಲಯ ಅಸಲಿಯೆಂದು ಭಾವಿಸಬಹುದು. ಗೋಡೆಗೆ ಆ ಸೌಲಭ್ಯವಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದಂತೆ ಮಾರುವವನು ತಿಳಿಸಬೇಕಾದದ್ದು, ತಾನು ಬಲ್ಲ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಾಣಲಾರದ ಮುಖ್ಯ ದೋಷವನ್ನಷ್ಟೇ. ತಾರಸಿಯಡಿ ಕಾಂಕ್ರೀಟು ಉದುರಿ ತುಕ್ಕು ಹಿಡಿದ ಕಂಬಿ ಇಣುಕುತ್ತಿದ್ದರೆ, ನೋಡದೆ ಕೊಂಡವನ ಪರವಾಗಿ ನಾನು ವಾದಿಸುವುದು ಕಷ್ಟ.

ನೆರೆಯ ಗೋಡೆಯನ್ನೂ ನೋಡಿರಿ. 2019ರ ಡಿಸೆಂಬರ್ 2ರ ನಸುಕಿನಲ್ಲಿ ಮೇಟ್ಟುಪಾಳಯದ ನಡೂರಿನಲ್ಲಿ ಮಳೆಗೆ ನೆನೆದ ಪಕ್ಕದ ಆವರಣಗೋಡೆ ಮನೆಗಳ ಮೇಲೆ ಉರುಳಿ 17 ಮಂದಿ ಸತ್ತರು. ಮುಂಗಡ ಕೊಡುವ ಮುನ್ನ ಎಂಜಿನಿಯರರಿಂದ ಲಿಖಿತ ವರದಿ ಪಡೆಯಿರಿ. ಸಾಧ್ಯವಾದರೆ ಮಳೆ ಸುರಿಯುವಾಗಲೇ ಮನೆ ತೋರಿಸಿರಿ.